ಓದುಗರ ಪ್ರಶ್ನೆ: ನಡೆದು, ಓಡಿ, ಬಿಟ್ಟುಕೊಟ್ಟು ಚಾರಿಟಿಗೆ ದುಡ್ಡು ಎತ್ತೋದು ಹೇಗೆ?

ಹೋದ ಸಂಚಿಕೇಲಿ ಬ್ರಿಟನ್ನಿನ ಕ್ರಿಶ್ಚಿಯನ್ ಏಡ್ ಸಂಸ್ಥೆಯವರು ನಡೆಸಿದ್ದ ‘ಮೇ ತಿಂಗಳಲ್ಲಿ 3 ಲಕ್ಷ ಹೆಜ್ಜೆ’ ಚಾಲೆಂಜ್ ಬಗ್ಗೆ ಪುಟ್ಟದಾಗಿ ಬರೆದಿದ್ದೆ. ನಾವೇ ಒಂದು ಕಷ್ಟದ ಗುರಿ ಇಟ್ಕೊಳ್ಳೋದು, ಅದನ್ನ ಹೇಳ್ಕೊಂಡು ಪರಿಚಯದವರ ಹತ್ರ ದುಡ್ಡು ಕೇಳೋದು, ಬಂದಿದ್ದನ್ನೆಲ್ಲ ಬಡವರ ಕೆಲಸ ಮಾಡೋ ಸಂಸ್ಥೆಗೆ ಮುಟ್ಟಿಸೋದು, ಇಷ್ಟೇ ವಿಷಯ. ಅದಕ್ಕೆ ಇಂಗ್ಲೆಂಡಲ್ಲಿರೋ ನಮ್ಮ ಕನ್ನಡದವರಿಂದಾನೇ ರಾಶಿ ಪತ್ರ ಬಂತು, ಊರಿಂದಾನೂ ಒಂದೆರಡು ಬಂತು. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿರೋದ್ರಿಂದ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮ ಚರ್ಚಲ್ಲಿ ಇಬ್ಬರು ಲಂಡನ್ ಮ್ಯಾರಥಾನ್ ಓಡಿ ಚಾರಿಟಿಗೆ ದುಡ್ಡು ಎತ್ತಿದ್ರು. ನಂಗೂ ಆಸೆ ಇದೆ, ಆದ್ರೆ ಲಾಟರೀಲಿ ನನ್ನ ಹೆಸರು ಬರ್ತಾನೇ ಇಲ್ಲ. ಚಾರಿಟಿ ಮೂಲಕ ಹೋದ್ರೆ ಸೀಟ್ ಗ್ಯಾರಂಟಿ ಅಂತಾರೆ, ನಿಜಾನಾ? — ಲೆಸ್ಟರ್

ನಿಜ, ಆದ್ರೆ ಆ ಸೀಟ್ ಪುಕ್ಕಟೆ ಅಲ್ಲ ಅನ್ನೋದು ಮೊದಲು ತಲೇಲಿರ್ಲಿ. ಲಂಡನ್ ಮ್ಯಾರಥಾನ್ 1981ರಲ್ಲಿ ಶುರುವಾದದ್ದು, ಈಗ ಅದಕ್ಕೆ ಅರ್ಜಿ ಹಾಕೋರ ಸಂಖ್ಯೆ ನೋಡಿದ್ರೆ ತಲೆ ತಿರುಗತ್ತೆ, 2025ರ ಓಟಕ್ಕೆ 8 ಲಕ್ಷದ 40 ಸಾವಿರ ಜನ, 2026ಕ್ಕೆ 11 ಲಕ್ಷ ದಾಟಿತ್ತು, ಆದ್ರೆ ಓಡಿ ಮುಗಿಸೋರು ಐವತ್ತು ಅರವತ್ತು ಸಾವಿರದೊಳಗೆ. ಹಾಗಾಗಿ ನಿಮ್ಮ ಹೆಸರು ಬರದೇ ಇರೋದ್ರಲ್ಲಿ ಆಶ್ಚರ್ಯ ಏನೂ ಇಲ್ಲ. ಚಾರಿಟಿಗಳು ಏನ್ ಮಾಡ್ತವೆ ಅಂದ್ರೆ ಸಂಘಟಕರಿಂದ ಮೊದಲೇ ಕೆಲವು ಜಾಗ ದುಡ್ಡು ಕೊಟ್ಟು ತಗೊಂಡಿರ್ತವೆ, ಆ ಜಾಗ ನಿಮಗೆ ಕೊಟ್ಟು ಇಷ್ಟು ಎತ್ತಿಕೊಡ್ತೀನಿ ಅಂತ ಮಾತು ತಗೊಳ್ತವೆ, ಅದು ಸಾಮಾನ್ಯವಾಗಿ 2,000 ಪೌಂಡ್ ಆಸುಪಾಸು, ಕೆಲವು ಕಡೆ ಅದಕ್ಕಿಂತ ಜಾಸ್ತೀನೇ. ನೀವು ಜಾಗ ತಗೊಂಡು ಮುನ್ನೂರು ಪೌಂಡ್ ಎತ್ತಿ ಸುಮ್ಮನಾದ್ರೆ ಆ ಸಂಸ್ಥೆಗೆ ನಿಜವಾಗ್ಲೂ ಲಾಸ್, ಬೇರೆ ಯಾರೋ ಆ ಜಾಗದಲ್ಲಿ ಓಡಿ ಪೂರ್ತಿ ತಂದ್ಕೊಡ್ತಿದ್ರು.

ಅದಕ್ಕೆ ನನ್ನ ಸಲಹೆ ಏನಂದ್ರೆ, ಮ್ಯಾರಥಾನ್ ಓಡೋ ಆಸೆ ಬೇರೆ, ಸಂಸ್ಥೆಗೆ ಸಹಾಯ ಮಾಡೋ ಆಸೆ ಬೇರೆ, ಎರಡೂ ಒಟ್ಟಿಗೆ ಗಟ್ಟಿಯಾಗಿದ್ರೆ ಮಾತ್ರ ಆ ದಾರಿ ಹಿಡೀರಿ. ಎರಡನೇದೇ ಮುಖ್ಯ ಅಂತಾದ್ರೆ ನಿಮ್ಮೂರ ಪಾರ್ಕಲ್ಲಿ ನಡೆಯೋ 10 ಕಿಲೋಮೀಟರ್ ಓಟ ಸಾಕು, ಕ್ರೈಸ್ತ ನೆರವು ಸಂಸ್ಥೆ ವರ್ಲ್ಡ್ ವಿಷನ್‌ನವರ 6 ಕಿಲೋಮೀಟರ್ ನಡಿಗೆ ಇನ್ನೂ ಒಳ್ಳೇದು. ಬಡ ದೇಶಗಳಲ್ಲಿ ಹೆಂಗಸರು ಮಕ್ಕಳು ನೀರಿಗಾಗಿ ಸರಾಸರಿ ಅಷ್ಟು ದೂರ ನಡೀತಾರೆ ಅಂತ ಆ 6 ಇಟ್ಟಿದಾರೆ. ಗದಗ ಕೊಪ್ಪಳ ಕಡೆ ಬೇಸಿಗೇಲಿ ಕೊಡ ಹೊತ್ತು ನಡೆದವರನ್ನ ನೋಡಿರೋ ನಮಗೆ ಅದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ, ದುಡ್ಡು ಕೊಡೋರಿಗೆ ಹೇಳೋದೂ ಸುಲಭ.

ಪ್ರಶ್ನೆ: ನಾನು ಮೂಲ ಉಡುಪಿ ಕಡೆಯವಳು, ಇಲ್ಲಿ ಆಸ್ಪತ್ರೇಲಿ ನರ್ಸ್. ನಡೆಯೋದು ನಂಗೇನು ಕಷ್ಟ ಅಲ್ಲ, ವಾರ್ಡಲ್ಲೇ ದಿನಾ ಸಾವಿರಾರು ಹೆಜ್ಜೆ ಆಗತ್ತೆ. ಆದ್ರೆ ಬೇರೆಯವರ ಹತ್ರ ದುಡ್ಡು ಕೇಳೋದು ಅಂದ್ರೆ ಜೀವ ಹೋದಂಗಾಗತ್ತೆ. ಅಪ್ಪ ಯಾರ ಹತ್ರಾನೂ ಕೈ ಚಾಚ್ಬೇಡ ಅಂತ ಬೆಳೆಸಿದ್ರು. — ಮ್ಯಾಂಚೆಸ್ಟರ್

ಬಂದಿರೋ ಪತ್ರಗಳಲ್ಲೆಲ್ಲ ಇದೇ ಮುಖ್ಯವಾದ ಪ್ರಶ್ನೆ ಅಂತ ನನಗನ್ಸತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನಿಮಗೋಸ್ಕರ ಕೇಳೋದು, ಬೇರೆಯವರಿಗೋಸ್ಕರ ಕೇಳೋದು, ಇವೆರಡೂ ಒಂದೇ ಅಲ್ಲ. ಬೆಂಗಳೂರಿನ ಹೊಸೂರು ರಸ್ತೇಲಿ ವೃದ್ಧಾಶ್ರಮ ನಡೆಸೋ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಕನ್ಯಾಸ್ತ್ರೀಯರು ಇದಾರಲ್ಲ, ಅವರ ಸಭೆ ಶುರು ಮಾಡಿದ್ದು ಫ್ರಾನ್ಸಿನ ಜಾನ್ ಜುಗಾನ್ ಅನ್ನೋ ಬಡ ಹೆಣ್ಣುಮಗಳು, 1839ರ ಚಳಿಗಾಲದಲ್ಲಿ ಕಣ್ಣು ಕಾಣದ ಒಬ್ಬ ಮುದುಕಿಯನ್ನ ಮನೆಗೆ ಕರ್ಕೊಂಡ್ಬಂದು ತನ್ನ ಹಾಸಿಗೇನೇ ಬಿಟ್ಟುಕೊಟ್ಟಳು, ಆಮೇಲೆ ಅಂಥವರು ಒಬ್ಬೊಬ್ಬರಾಗಿ ಸೇರ್ಕೊಂಡಾಗ ಬುಟ್ಟಿ ಹಿಡ್ಕೊಂಡು ಮನೆ ಮನೆ ಬಾಗಿಲಿಗೆ ಹೋದಳು. ಒಂದ್ಸಲ ಒಬ್ಬ ಸಿಟ್ಟಲ್ಲಿ ಹೊಡೆದನಂತೆ, ಇದು ನನಗಾಯ್ತು, ಈಗ ನನ್ನ ಬಡವರಿಗೇನಾದ್ರೂ ಕೊಡಿ ಅಂತ ಕೇಳಿದಳು ಅಂತ ಅವರ ಸಭೇಲಿ ಇವತ್ತಿಗೂ ಹೇಳ್ತಾರೆ. 2009ರಲ್ಲಿ ಆಕೆಯನ್ನ ಸಂತಳು ಅಂತ ಘೋಷಿಸಿದ್ರು. ಆ ಕನ್ಯಾಸ್ತ್ರೀಯರು ಈಗಲೂ ಹಾಗೆ ಕೇಳ್ಕೊಂಡು ಬಂದಿದ್ರಲ್ಲೇ ಅಜ್ಜ ಅಜ್ಜಿಯಂದಿರನ್ನ ನೋಡ್ಕೊಳ್ತಾರೆ. ನಿಮ್ಮ ಅಪ್ಪ ಬೇಡ ಅಂದದ್ದು ಸ್ವಂತಕ್ಕೆ ಕೈ ಚಾಚೋದು, ಅದನ್ನ ನೀವು ಮೀರ್ತಾ ಇಲ್ಲ.

ಇನ್ನು ಹೇಗೆ ಕೇಳೋದು ಅಂತ. ಮೊದಲನೇ ದೇಣಿಗೆ ನಿಮ್ಮದೇ ಆಗಿರ್ಲಿ, ನಿಮ್ಮ ಶಕ್ತಿಗೆ ಸ್ವಲ್ಪ ಭಾರ ಅನ್ನಿಸುವಷ್ಟು ಹಾಕಿ. ಆಮೇಲೆ ತುಂಬಾ ಹತ್ತಿರದ ಇಬ್ಬರು ಮೂವರಿಗೆ ಮೆಸೇಜ್ ಅಲ್ಲ, ಫೋನ್ ಮಾಡಿ, ಅವರದ್ದು ಬಂದ್ಮೇಲೆ ನಿಮ್ಮ ಆನ್‌ಲೈನ್ ದೇಣಿಗೆ ಪೇಜಿನ ಲಿಂಕ್ ವಾಟ್ಸಾಪ್ ಗ್ರೂಪಿಗೆ ಹಾಕಿ. ಲಂಡನ್ ಮ್ಯಾರಥಾನ್ ಓಟಗಾರರ ಆನ್‌ಲೈನ್ ದೇಣಿಗೆ ಪೇಜ್‌ಗಳನ್ನ ಬ್ರಿಸ್ಟಲ್ ಯೂನಿವರ್ಸಿಟಿಯ ಅರ್ಥಶಾಸ್ತ್ರಜ್ಞರು ಕೂತು ನೋಡಿದಾಗ ಗೊತ್ತಾಗಿದ್ದು ಇದೇ, ಒಬ್ಬರು ದೊಡ್ಡ ಮೊತ್ತ ಹಾಕಿದ್ರೆ ಅದರ ನಂತರ ಬರೋರೂ ಜಾಸ್ತಿ ಹಾಕ್ತಾರೆ, ಸಣ್ಣದು ಹಾಕಿದ್ರೆ ಮುಂದಿನದ್ದೂ ಇಳಿಯತ್ತೆ. ನಮ್ಮ ಚರ್ಚಿನ ಸುಗ್ಗಿ ಹಬ್ಬದ ಹರಾಜಲ್ಲಿ ಇದೇ ಆಗೋದಲ್ವಾ, ಯಾರೋ ಹಿರಿಯರು ಒಂದು ಕುಂಬಳಕಾಯಿನ ಸಾವಿರಕ್ಕೆ ಕೂಗಿ ಮತ್ತೆ ಸಭೆಗೇ ವಾಪಸ್ ಕೊಟ್ರೆ ಮುಂದೆ ಬರೋ ಕೋಳಿಗೆ ಯಾರೂ ನೂರಿನ್ನೂರು ಅನ್ನಲ್ಲ.

ಇನ್ನೊಂದು, ನಿಮ್ಮ ಜೊತೆ ಕೆಲಸ ಮಾಡೋರಿಗೆ ಗಿಫ್ಟ್ ಏಡ್ ಬಾಕ್ಸ್ ಟಿಕ್ ಮಾಡೋಕೆ ಮರೀದೇ ಹೇಳಿ. ಬ್ರಿಟನ್ನಲ್ಲಿ ಟ್ಯಾಕ್ಸ್ ಕಟ್ಟೋರು 1 ಪೌಂಡ್ ಕೊಟ್ರೆ ಸರ್ಕಾರದಿಂದ ಸಂಸ್ಥೆಗೆ ಇನ್ನೂ 25 ಪೆನ್ಸ್ ಸಿಗತ್ತೆ, ಕೊಟ್ಟೋರಿಗೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಪೇಪರ್ ಫಾರ್ಮ್ ಹಿಡ್ಕೊಂಡು ಓಡಾಡೋದಾದ್ರೆ ಪ್ರತಿಯೊಬ್ಬರ ಪೂರ್ತಿ ಹೆಸರು, ಮನೆ ಅಡ್ರೆಸ್, ಪೋಸ್ಟ್‌ಕೋಡ್ ಅವರ ಕೈಯಲ್ಲೇ ಬರೆಸಿ, ವಾರ್ಡ್ ನಂಬರೋ ಆಸ್ಪತ್ರೆ ಅಡ್ರೆಸ್ಸೋ ಬರೆದ್ರೆ ಆಗಲ್ಲ. ಎಲ್ಲರ ಕ್ಯಾಷ್ ಒಟ್ಟು ಮಾಡಿ ನಿಮ್ಮ ಕಾರ್ಡಿಂದ ಕಟ್ಟಿ ನಿಮ್ಮ ಹೆಸರಲ್ಲಿ ಗಿಫ್ಟ್ ಏಡ್ ಹಾಕೋದು ತಪ್ಪು, ಅದು ನಿಮ್ಮ ದುಡ್ಡಲ್ಲವಲ್ಲ. ಹಾಗೇ, ವಾರ್ಡಲ್ಲಿ ರೋಗಿಗಳ ಹತ್ರ ಅವರ ಮನೆಯವರ ಹತ್ರ ಯಾವ ಕಾರಣಕ್ಕೂ ಕೇಳ್ಬೇಡಿ, ಅವರಿಗೆ ಇಲ್ಲ ಅನ್ನೋಕಾಗಲ್ಲ.

ಪ್ರಶ್ನೆ: ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತ ಕರ್ತನೇ ಹೇಳಿದಾನೆ. ಹಾಗಿರುವಾಗ ಟೀಶರ್ಟ್ ಹಾಕ್ಕೊಂಡು, ಫೋಟೋ ಹಾಕ್ಕೊಂಡು ನಾನು ಇಷ್ಟು ಎತ್ತಿದೆ ಅಂತ ತೋರಿಸೋದು ಸರೀನಾ? — ಹುಬ್ಬಳ್ಳಿ

ಮತ್ತಾಯ 6ನೇ ಅಧ್ಯಾಯದ ಆ ಮಾತು ನಾನು ಕೊಡೋ ನನ್ನ ದುಡ್ಡಿನ ಬಗ್ಗೆ, ನಾಲ್ಕು ಜನ ಹೊಗಳ್ಲಿ ಅಂತ ತುತ್ತೂರಿ ಊದಿಸ್ಕೊಂಡು ಕೊಡೋರ ಬಗ್ಗೆ. ಹಾಗಾಗಿ ನೀವು ಸ್ವಂತ ಕೊಟ್ಟದ್ದನ್ನ ಪೇಜಲ್ಲಿ ಹೆಸರಿಲ್ಲದೇ ಹಾಕಿ, ಅದಕ್ಕೆ ಅವಕಾಶ ಇದೆ. ಆದ್ರೆ ಬೇರೆಯವರಿಂದ ಎತ್ತೋ ವಿಷಯಕ್ಕೆ ಬಂದ್ರೆ ಅಪೊಸ್ತಲ ಪೌಲನನ್ನ ನೋಡಿ, ಅವನು ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದ (2 ಕೊರಿಂಥ) 8 ಮತ್ತು 9ನೇ ಅಧ್ಯಾಯ ಪೂರ್ತಿ ಚಂದಾ ವಿಷಯಾನೇ. ಯೆರೂಸಲೇಮಿನ ಬಡವರಿಗೆ ಅಂತ ಬಹಿರಂಗವಾಗೇ ಕೇಳ್ತಾನೆ, ಮಕೆದೋನ್ಯದವರು ತಮಗೇ ಗತಿಯಿಲ್ಲದಿದ್ರೂ ಎಷ್ಟು ಕೊಟ್ರು ನೋಡಿ ಅಂತ ಕೊರಿಂಥದವರಿಗೆ ಬರೀತಾನೆ, ಕೊರಿಂಥದವರು ಎಷ್ಟು ಉತ್ಸಾಹದಲ್ಲಿದಾರೆ ಅಂತ ಮಕೆದೋನ್ಯದವರಿಗೂ ಹೇಳಿರ್ತಾನೆ. ಮುಖ್ಯ ಏನಂದ್ರೆ ಆ ಹಣವನ್ನ ತಾನೊಬ್ಬನೇ ತಗೊಂಡು ಹೋಗಲ್ಲ, ಸಭೆಗಳು ಆರಿಸಿದ ಸಹೋದರನನ್ನ ಜೊತೇಲಿ ಕರ್ಕೊಳ್ತಾನೆ, ಯಾರೂ ನಮ್ಮ ಮೇಲೆ ತಪ್ಪು ಹೊರಿಸ್ಬಾರ್ದು, ದೇವರ ಮುಂದೆ ಮಾತ್ರ ಅಲ್ಲ ಮನುಷ್ಯರ ಮುಂದೇನೂ ಸರಿಯಾಗಿರ್ಬೇಕು ಅಂತ ಕಾರಣಾನೂ ಕೊಡ್ತಾನೆ.

ನಿಮ್ಮ ಟೀಶರ್ಟು ಫೋಟೋ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಫೋಟೋದಲ್ಲಿ ನೀವಿರಿ, ಬಡ ಮಗುವಿನ ಅಳೋ ಮುಖ ಬೇಡ. ಆ ಮಗು ಒಪ್ಪಿಗೆ ಕೊಟ್ಟಿಲ್ಲ, ನೀವು ಕೊಟ್ಟಿದೀರಿ.

ಪ್ರಶ್ನೆ: ಅಮ್ಮಂಗೆ 62, ಶುಗರ್ ಇದೆ, ಮೈಸೂರಿಂದ ನಮ್ಮ ಮನೆಗೆ ಬಂದಿದಾರೆ. ನನ್ನ ಜೊತೆ ತಾನೂ 3 ಲಕ್ಷ ಹೆಜ್ಜೆ ಹಾಕ್ತೀನಿ ಅಂತ ಹಠ. ಬಿಡಬಹುದಾ? — ರೀಡಿಂಗ್

ಹಠ ಹಿಡಿಯೋ ಅಮ್ಮ ಇದ್ರೆ ಅದು ಭಾಗ್ಯ, ಆದ್ರೆ ಲೆಕ್ಕ ಮಾಡಿ ನೋಡಿ, 31 ದಿನಕ್ಕೆ 3 ಲಕ್ಷ ಅಂದ್ರೆ ದಿನಕ್ಕೆ ಹತ್ತಿರ ಹತ್ತಿರ 9,700 ಹೆಜ್ಜೆ, ಒಟ್ಟು 200 ಕಿಲೋಮೀಟರ್ ಮೇಲಾಗತ್ತೆ, ಒಂದಿನ ತಪ್ಪಿದ್ರೆ ಮಾರನೇ ದಿನ ಡಬಲ್. ಈಗ ದಿನಕ್ಕೆ ಎಷ್ಟು ನಡೀತಾರೆ ಅಂತ ಒಂದು ವಾರ ಫೋನಲ್ಲಿ ನೋಡ್ಕೊಳ್ಳಿ, ಮೂರು ಸಾವಿರ ಇದ್ರೆ ಐದು ಸಾವಿರದ ಗುರಿ ಸಾಕು, ನನ್ನ ತಾಯಿ ಒಂದೂವರೆ ಲಕ್ಷ ನಡೀತಾರೆ ಅಂತ ಪೇಜಲ್ಲಿ ಬರೆದ್ರೆ ಯಾರೂ ಕಮ್ಮಿ ಕೊಡಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ರೆ ನಡಿಗೆ ಜಾಸ್ತಿ ಆದಾಗ ಶುಗರ್ ಇಳೀಬಹುದು, ಮೊದಲು ಡಾಕ್ಟರ್ ಹತ್ರ ಮಾತಾಡಿ, ಜೇಬಲ್ಲೋ ಪರ್ಸಲ್ಲೋ ಗ್ಲೂಕೋಸ್ ಇರ್ಲಿ. ಸೀರೆ ಕೆಳಗೆ ಚಪ್ಪಲಿ ಬೇಡ, ಸಾಕ್ಸ್ ಜೊತೆ ಸರಿಯಾದ ಶೂಸ್ ಕೊಡ್ಸಿ, ರಾತ್ರಿ ಮಲಗೋ ಮುಂಚೆ ನೀವೇ ಅವರ ಪಾದ ತಿರುಗಿಸಿ ಬೆರಳ ಸಂದಿ, ಹಿಮ್ಮಡಿ ನೋಡಿ. ಶುಗರ್ ಇರೋರಿಗೆ ಗುಳ್ಳೆ ಎದ್ದದ್ದು ನೋವೇ ಗೊತ್ತಾಗದೇ ಹೋಗಬಹುದು, ಆಮೇಲೆ ಅದು ವಾಸಿಯಾಗೋಕೆ ತಿಂಗಳುಗಟ್ಲೆ ಬೇಕು. ಗುಳ್ಳೆ ಕಂಡ ದಿನ ನಡಿಗೆ ಬಂದ್, ಅಷ್ಟೇ.

ಪ್ರಶ್ನೆ: ನಾನು ಹಿಂದೂ, ಆಫೀಸಲ್ಲಿ ಒಬ್ಬ ಒಳ್ಳೆ ಸ್ನೇಹಿತ ಕ್ರೈಸ್ತ ಚಾರಿಟಿಗೆ ಅಂತ ಸೈಕಲ್ ಹೊಡೀತಿದಾನೆ. ಕೊಡೋಕೆ ಮನಸ್ಸಿದೆ, ಆದ್ರೆ ನನ್ನ ದುಡ್ಡು ಮತಾಂತರಕ್ಕೆ ಹೋಗತ್ತಾ ಅನ್ನೋ ಅನುಮಾನ. ಕೇಳಿದ್ರೆ ಅವನಿಗೆ ಬೇಜಾರಾಗತ್ತೆ. — ಬರ್ಮಿಂಗ್‌ಹ್ಯಾಮ್

ದಯವಿಟ್ಟು ಕೇಳಿ. ದುಡ್ಡು ಕೊಡೋರು ಕೇಳಲೇಬೇಕಾದ ಪ್ರಶ್ನೆ ಇದು, ನಿಜವಾದ ಸ್ನೇಹಿತ ಬೇಜಾರು ಮಾಡ್ಕೊಳ್ಳಲ್ಲ.

ಕ್ರೈಸ್ತ ಸಂಸ್ಥೆ ಅಂದ್ರೆ ಎಲ್ಲಾ ಒಂದೇ ಥರ ಇಲ್ಲ. ಕ್ರಿಶ್ಚಿಯನ್ ಏಡ್ ಹುಟ್ಟಿದ್ದು 1945ರಲ್ಲಿ, ಯುದ್ಧದಲ್ಲಿ ಮನೆಮಠ ಕಳ್ಕೊಂಡ ಯುರೋಪಿನ ನಿರಾಶ್ರಿತರಿಗೆ ನೆರವಾಗೋಕೆ ಬ್ರಿಟನ್ ಐರ್ಲೆಂಡಿನ ಚರ್ಚ್‌ಗಳು ಸೇರಿ ಮಾಡಿದ್ದು, 1957ರಿಂದ ಪ್ರತಿ ವರ್ಷ ಮೇ ತಿಂಗಳಲ್ಲಿ ಕ್ರಿಶ್ಚಿಯನ್ ಏಡ್ ವಾರ ನಡೀತಿದೆ, ಮನೆ ಬಾಗಿಲಿಗೆ ದೇಣಿಗೆಯ ಕೆಂಪು ಕವರ್ ಹಾಕಿ ಹೋಗ್ತಿದ್ದದ್ದನ್ನ ನೀವೂ ನೋಡಿರಬಹುದು. ಅವರು ಯಾವ ಧರ್ಮದವರಿಗಾದ್ರೂ, ಧರ್ಮವೇ ಬೇಡ ಅನ್ನೋರಿಗಾದ್ರೂ ಕಷ್ಟ ನೋಡಿ ಸಹಾಯ ಮಾಡೋ ನಿಲುವಿನವರು. 1994ರಲ್ಲಿ ರೆಡ್‌ಕ್ರಾಸ್ ಜೊತೆ ಸೇರಿ ಪರಿಹಾರ ಸಂಸ್ಥೆಗಳು ಒಂದು ನೀತಿ ಸಂಹಿತೆ ಮಾಡ್ಕೊಂಡವು, ಒಂದು ರಾಜಕೀಯದ ಅಥವಾ ಧರ್ಮದ ಪ್ರಚಾರಕ್ಕೆ ನೆರವನ್ನ ಬಳಸ್ಬಾರ್ದು ಅಂತ ಅದರಲ್ಲಿ ಸ್ಪಷ್ಟವಾಗಿದೆ, ಅದನ್ನ ರೂಪಿಸಿದವರಲ್ಲಿ ಕ್ಯಾಥೋಲಿಕರ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಶನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಕೂಡ ಇದ್ವು. ಇದರ ಹೊರಗೆ ಸುವಾರ್ತೆ ಸಾರೋದೇ ಕೆಲಸ ಅನ್ನೋ ಮಿಷನ್ ಸಂಸ್ಥೆಗಳೂ ಇವೆ, ಅದನ್ನ ಅವರು ಮುಚ್ಚಿಡೋದೂ ಇಲ್ಲ. ಇಂಗ್ಲೆಂಡ್ ವೇಲ್ಸಿನ ಚಾರಿಟಿ ಕಮಿಷನ್ ರಿಜಿಸ್ಟರಲ್ಲಿ ಸಂಸ್ಥೆಯ ಹೆಸರು ಹಾಕಿದ್ರೆ ಉದ್ದೇಶ ಏನು, ದುಡ್ಡು ಎಷ್ಟು ಬಂತು ಎಲ್ಲಿ ಹೋಯ್ತು ಎಲ್ಲಾ ಸಿಗತ್ತೆ, ಓದೋಕೆ ಹತ್ತು ನಿಮಿಷ ಬೇಕು.

ಸೈಕಲ್ ಹೊಡೆಯೋ ಆ ಸ್ನೇಹಿತನಿಗೂ ಒಂದು ಮಾತು, ನೀವು ಎತ್ತೋದು ಪ್ರಾರ್ಥನಾ ಮಂದಿರದ ಛಾವಣಿಗಾದ್ರೆ ಛಾವಣಿ ಅಂತಾನೇ ಬರೀರಿ, ಅನಾಥ ಮಕ್ಕಳು ಅಂತ ಬರೀಬೇಡಿ. ಕೊಡೋರಿಗೆ ಗೊತ್ತಿದ್ದು ಕೊಡೋ ಹಕ್ಕಿದೆ.

ಪ್ರಶ್ನೆ: ನಾವು ಹುಡುಗರೆಲ್ಲ ಸೇರಿ 24 ಗಂಟೇಲಿ ತ್ರೀ ಪೀಕ್ಸ್ ಹತ್ಬೇಕು ಅಂತ ಪ್ಲ್ಯಾನ್. ಅದಾದ್ಮೇಲೆ ಕಿಲಿಮಂಜಾರೊ. ನಿಮ್ಮ ಅಭಿಪ್ರಾಯ? — ಮಿಲ್ಟನ್ ಕೀನ್ಸ್

ತ್ರೀ ಪೀಕ್ಸ್ ಅಂದ್ರೆ ಸ್ಕಾಟ್ಲೆಂಡಿನ ಬೆನ್ ನೆವಿಸ್ 1,345 ಮೀಟರ್, ಇಂಗ್ಲೆಂಡಿನ ಸ್ಕಾಫೆಲ್ ಪೈಕ್ 978, ವೇಲ್ಸಿನ ಸ್ನೋಡನ್ 1,085, ಮೂರೂ ಒಂದೇ ದಿನ. ನಮ್ಮ ಮುಳ್ಳಯ್ಯನಗಿರಿ 1,930 ಇದೆಯಲ್ಲ ಅಂತ ಹಗುರಾಗಿ ತಗೋಬೇಡಿ, ಅಲ್ಲಿ ಹತ್ತಿರದವರೆಗೂ ಗಾಡಿ ಹೋಗತ್ತೆ, ಬೆನ್ ನೆವಿಸ್ ಹತ್ತೋದು ಹೆಚ್ಚುಕಮ್ಮಿ ಸಮುದ್ರಮಟ್ಟದಿಂದ. ನನ್ನ ಭಯ ಬೆಟ್ಟದ್ದಲ್ಲ, ರಸ್ತೆದು, ನಡುವೆ 450 ಮೈಲಿ ಮೇಲೆ ಡ್ರೈವಿಂಗ್ ಇರತ್ತೆ, ಬೆಟ್ಟ ಇಳಿದು ಸುಸ್ತಾಗಿ ನಿದ್ದೆ ಕಟ್ಟಿರೋರೇ ಸ್ಟೀರಿಂಗ್ ಹಿಡೀತಾರೆ. ಹತ್ತದೇ ಇರೋ ಬೇರೆ ಡ್ರೈವರ್ ಇಲ್ಲ ಅಂದ್ರೆ ಹೋಗ್ಬೇಡಿ. ಸ್ಕಾಫೆಲ್ ಬುಡದ ವಾಸ್‌ಡೇಲ್ ಕಣಿವೇಲಿ ಇರೋದು ಬೆರಳೆಣಿಕೆ ಮನೆ, ಬೇಸಿಗೆ ವೀಕೆಂಡಲ್ಲಿ ಅರ್ಧರಾತ್ರಿ ಗಾಡಿ ಬಾಗಿಲು ಬಡಿಯೋ ಸದ್ದು, ಕಸ, ಗೋಡೆ ಹಿಂದಿನ ಗಲೀಜು, ಆ ಊರಿನವರು ವರ್ಷಗಳಿಂದ ಅಳಲು ತೋಡ್ಕೊಳ್ತಿದಾರೆ. ಒಂದೇ ಬೆಟ್ಟ ಹಗಲಲ್ಲಿ ಹತ್ತಿ, ಪೆಟ್ರೋಲ್ ಉಳಿದ ದುಡ್ಡೂ ಸಂಸ್ಥೆಗೆ ಹೋಗ್ಲಿ.

ಕಿಲಿಮಂಜಾರೊಗೆ ಹೋಗೋದಾದ್ರೆ ಪ್ರಯಾಣದ ಖರ್ಚೆಲ್ಲಾ ನಿಮ್ಮ ಜೇಬಿಂದ ಹಾಕಿ. ಎತ್ತಿದ ದುಡ್ಡಲ್ಲೇ ಟಿಕೆಟ್, ಗೈಡ್ ಖರ್ಚು ಮುರ್ಕೊಳ್ಳೋ ಪ್ಯಾಕೇಜ್‌ಗಳು ಇವೆ, ಆಗ ನಿಮ್ಮ ಅಪ್ಪ ಅಮ್ಮ, ಹೆಂಡತಿ, ಅಣ್ಣತಮ್ಮಂದಿರು ಕೊಟ್ಟಿದ್ದಕ್ಕೆ ಗಿಫ್ಟ್ ಏಡೂ ಸಿಗಲ್ಲ. ಅದಕ್ಕಿಂತ ಹೆಚ್ಚಾಗಿ, ಕ್ಯಾಂಟೀನಲ್ಲಿ ಕೆಲಸ ಮಾಡೋ ಹೆಂಗಸು ಕೊಟ್ಟ ಐದು ಪೌಂಡ್ ನಿಮ್ಮ ವಿಮಾನಕ್ಕೆ ಹೋಯ್ತು ಅಂತ ಅವಳಿಗೆ ಹೇಳೋಕೆ ನಿಮಗೆ ಬಾಯಿ ಬರತ್ತಾ ಯೋಚ್ನೆ ಮಾಡಿ.

ಪ್ರಶ್ನೆ: ಇಲ್ಲಿ ಓಡಿ ಎತ್ತಿದ ದುಡ್ಡನ್ನ ನೇರವಾಗಿ ಬೆಳಗಾವಿ ಹತ್ರ ನಮ್ಮೂರ ಸಭೆಯವರು ನಡೆಸೋ ಹಾಸ್ಟೆಲಿಗೆ ಕಳಿಸ್ಬೇಕು. ನನ್ನ ತಮ್ಮನ ಅಕೌಂಟಿಗೆ ಹಾಕಿ ಅವನು ಕೊಟ್ರೆ ಆಗತ್ತಲ್ವಾ? — ಕಾರ್ಡಿಫ್

ಆಗಲ್ಲ, ದಯವಿಟ್ಟು ಹಾಗೆ ಮಾಡ್ಬೇಡಿ, ಒಳ್ಳೇದು ಮಾಡೋಕೆ ಹೋಗಿ ತಮ್ಮನ್ನೂ ಹಾಸ್ಟೆಲ್‌ನೂ ತೊಂದರೆಗೆ ಸಿಕ್ಕಿಸ್ತೀರಿ. ಭಾರತದಲ್ಲಿ ಸಂಸ್ಥೆಗಳು ವಿದೇಶದ ದೇಣಿಗೆ ತಗೋಬೇಕಾದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರ್ಲೇಬೇಕು, 2020ರ ತಿದ್ದುಪಡಿ ಆದ್ಮೇಲೆ ಆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರ್ಬೇಕು, ಒಂದು ಸಂಸ್ಥೆ ತಗೊಂಡು ಇನ್ನೊಂದಕ್ಕೆ ದಾಟಿಸೋ ಹಾಗೂ ಇಲ್ಲ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡೋದು ವಿದೇಶಿ ದೇಣಿಗೆ ಅನ್ನಿಸ್ಕೊಳ್ಳಲ್ಲ, ಅದು ಕೊಡಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಆಗಿದ್ರೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ರೂ ನೀವು ವಿದೇಶಿ ಮೂಲವೇ. ನಿಮ್ಮ ಇಂಗ್ಲಿಷ್ ಸಹೋದ್ಯೋಗಿಗಳ ದುಡ್ಡಂತೂ ಯಾವ ಲೆಕ್ಕದಲ್ಲೂ ವಿದೇಶಿದೇ. ಹಾಸ್ಟೆಲಿನವರಿಗೆ ಫೋನ್ ಮಾಡಿ ನೋಂದಣಿ ಈಗ ಚಾಲ್ತೀಲಿದೆಯಾ ಕೇಳಿ, ಸುಮಾರು ಸಂಸ್ಥೆಗಳದ್ದು ನವೀಕರಣ ಆಗಿಲ್ಲ. ಇಲ್ಲ ಅಂದ್ರೆ ನಿಮ್ಮ ಸ್ವಂತದ್ದು ಅಲ್ಲಿಗೆ, ಎತ್ತಿದ್ದು ಬ್ರಿಟನ್ನಲ್ಲೇ ನೋಂದಣಿ ಆಗಿರೋ ಸಂಸ್ಥೆಗೆ ಅಂತ ಎರಡು ದಾರಿ ಮಾಡ್ಕೊಳ್ಳಿ, ಅದನ್ನ ಓಡೋಕ್ಕಿಂತ ಮುಂಚೆನೇ ಕೊಡೋರಿಗೆ ಹೇಳಿ.

ಪ್ರಶ್ನೆ: ಅರ್ಧದಲ್ಲಿ ಮಂಡಿ ಕೈಕೊಟ್ತು. ಬಂದ ದುಡ್ಡು ವಾಪಸ್ ಕೊಡ್ಬೇಕಾ? — ಲೀಡ್ಸ್

ಇದ್ದದ್ದು ಇದ್ದಂಗೆ ಪೇಜಲ್ಲಿ ಬರೆದು, ವಾಪಸ್ ಬೇಕಿದ್ರೆ ಹೇಳಿ ಅಂತ ಕೇಳಿ. ಹೆಚ್ಚಿನವರು ಇರ್ಲಿ ಬಿಡಿ ಅಂತಾರೆ. ಸಂಸ್ಥೆಗೂ ತಿಳಿಸಿ. ಮಂಡಿ ಮೇಲೆ ಹಠ ಬೇಡ.

ಪ್ರಶ್ನೆ: ಮಗಳಿಗೆ 9 ವರ್ಷ. ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಪೂರ್ತಿ ಚಾಕ್ಲೆಟ್ ಬಿಟ್ಟು ಆ ದುಡ್ಡು ಬಡ ಮಕ್ಕಳಿಗೆ ಕೊಡ್ತೀನಿ ಅಂತಿದಾಳೆ. ಇಷ್ಟು ಸಣ್ಣದಕ್ಕೆ ಅರ್ಥ ಇದೆಯಾ? — ಬೆಂಗಳೂರು

ಸಣ್ಣದು ಅಂತ ಯಾಕನ್ಕೊಂಡ್ರಿ? 1886ರಲ್ಲಿ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆ ಕಟ್ಟಿದ ವಿಲಿಯಂ ಬೂತ್ ಸೇವೆಗೆ ಹಣ ಕೇಳಿದಾಗ ಜಾನ್ ಕಾರ್ಲ್‌ಟನ್ ಅನ್ನೋ ಅಧಿಕಾರಿ ನಾನು ಒಂದು ವರ್ಷ ಪುಡ್ಡಿಂಗ್ ತಿನ್ನಲ್ಲ, ಅದರಲ್ಲಿ ಉಳಿಯೋ 50 ಶಿಲ್ಲಿಂಗ್ ಕೊಡ್ತೀನಿ ಅಂತ ಚೀಟಿ ಬರೆದ. ವರ್ಷವೆಲ್ಲಾ ಬೇಡ, ಎಲ್ಲರೂ ಒಂದು ವಾರ ಏನಾದ್ರೂ ಬಿಡೋಣ ಅಂದ ಬೂತ್. ಅವರ ಸೆಲ್ಫ್ ಡಿನಯಲ್ ಕಾಣಿಕೆ ಶುರುವಾಗಿದ್ದು ಹಾಗೆ, ಇವತ್ತಿಗೂ ನಡೀತಿದೆ. ಮಿಝೋರಾಂನಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ನೂರು ವರ್ಷದ ಮೇಲಿಂದ ಪ್ರತಿ ಹೊತ್ತು ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ತೆಗೆದಿಟ್ಟು ಸಭೆಗೆ ಕೊಡ್ತಾರೆ, ಅಲ್ಲಿಯ ಮಿಷನ್ ಕೆಲಸದ ದೊಡ್ಡ ಪಾಲು ನಡೆಯೋದು ಆ ಅಕ್ಕೀಲಿ.

ಮಗಳ ವಿಷಯಕ್ಕೆ ಎರಡೇ ಮಾತು. ಡಬ್ಬಿಗೆ ದುಡ್ಡು ನೀವು ಹಾಕ್ಬೇಡಿ, ಚಾಕ್ಲೆಟ್ ತಗೊಳ್ತಿದ್ದ ದಿನ ಆ ಹತ್ತೋ ಇಪ್ಪತ್ತೋ ಅವಳ ಕೈಗೆ ಕೊಟ್ಟು ಅವಳೇ ಹಾಕೋ ಹಾಗೆ ಮಾಡಿ. ನಡುವೆ ಯಾರದ್ದೋ ಬರ್ತ್‌ಡೇಲಿ ತಿಂದುಬಿಟ್ರೆ ಬೈಯ್ಬೇಡಿ, ಮಾರನೇ ದಿನದಿಂದ ಮುಂದುವರೀಲಿ. ಈಸ್ಟರ್ ಆದ್ಮೇಲೆ ಅವಳೇ ಎಣಿಸಿ, ಯಾರಿಗೆ ಕೊಡೋದು ಅಂತ ನಿಮ್ಮ ಜೊತೆ ಕೂತು ಆರಿಸ್ಲಿ, ಹತ್ತಿರದ ಸಂಸ್ಥೆ ಆಗಿದ್ರೆ ಫೋನ್ ಮಾಡಿ ಟೈಮ್ ಕೇಳ್ಕೊಂಡು ಕರ್ಕೊಂಡು ಹೋಗಿ, ರಸೀದಿ ಅವಳ ಹೆಸರಲ್ಲೇ ಬರೆಸಿ.